ಬೆರಳು ಜಾರಿದರೆ ಹೆಸರು ಹೋಗಬಾರದು

"ತಮ್ಮಾ, ನೀ ಆ್ಯಪ್ ಬರಿಯಾಂವ. ನನಗೊಂದು ಹೇಳು. ಒಬ್ಬನ ಖಾತೆ ಹೊಡೆದು ಹಾಕೂದು ಅಂದ್ರ ಇಷ್ಟು ಸಸಾರ ಯಾಕ ಮಾಡಿಟ್ಟೀರಿ?"

ಇಂಡಿಯ ನಮ್ಮ ಓಣಿಯಲ್ಲಿ ಎರಡು ಮನೆಗಳ ನಡುವಿನ ಗೋಡೆ ಎದೆಮಟ್ಟದ್ದು. ಆ ಕಡೆಯಿಂದ ಕಾಕಾ ಕೇಳಿದ ಮಾತಿದು. ಕಾಕಾ ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು. ಲಿಂಬೆ, ತೊಗರಿ, ಜೋಳದ ಲೆಕ್ಕ ಬರೆದು ಬರೆದು ಅವರ ಬಲಗೈ ನಡುಬೆರಳಿನ ಮಗ್ಗುಲಿಗೆ ಪೆನ್ನು ಒತ್ತಿದ ಗಂಟು ಇವತ್ತಿಗೂ ಉಳಿದಿದೆ. ಮೊಮ್ಮಗ ಈಗ ಸಿಂದಗಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾನೆ. ಉದ್ರಿ ಲೆಕ್ಕವೆಲ್ಲ ಮೊಬೈಲಿನಲ್ಲಿ. ಕಾಕಾ ಹೋದಾಗ ಒಂದಿಷ್ಟು ಹೊತ್ತು ಗಲ್ಲಾದ ಮೇಲೆ ಕೂತಿದ್ದಾರೆ, ಗಿರಾಕಿಯ ಹೆಸರು ಹುಡುಕಲು ಪಟ್ಟಿಯನ್ನು ಮೇಲಕ್ಕೆ ದೂಡುವಾಗ ಬೆರಳು ಅಡ್ಡ ಹೋಗಿದೆ. ಒಂದು ಸಾಲು ಎಡಕ್ಕೆ ಸರಿಯಿತು, ಕೆಂಪಗಾಯಿತು, ಇಲ್ಲವಾಯಿತು. ಕೆಳಗಿನ ಹೆಸರುಗಳು ಮೇಲೇರಿ ಕೂತವು. ಯಾರ ಹೆಸರು ಹೋಯಿತೆಂದು ಓದುವಷ್ಟು ಪುರುಸೊತ್ತೂ ಇರಲಿಲ್ಲ.

"ನಾವು ವಹಿಯೊಳಗ ತಪ್ಪು ಬರದ್ರ ಒಂದ ಗೀಟು ಎಳಿತಿದ್ವಿ," ಅಂದರು ಕಾಕಾ. "ಗೀಟಿನ ಕೆಳಗ ಹಳೇ ಅಂಕಿ ಹಂಗ ಕಾಣ್ತಿತ್ತು. ಬಾಜೂಕ ಯಾಕ ಹೊಡದ್ವಿ ಅಂತ ಬರದು ಸಹಿ ಮಾಡ್ತಿದ್ವಿ. ಕೆರದು ಅಳಿಸಿದ ವಹಿನ ಸಾವ್ಕಾರ ಕೈಲೆ ಮುಟ್ಟತಿದ್ದಿಲ್ಲ. ನಿಮ್ಮದರಾಗ ಗೀಟೂ ಇಲ್ಲ, ಸಹೀನೂ ಇಲ್ಲ."

ಇದು ನನ್ನ ಕಸುಬಿನ ನಡುಗಂಬಕ್ಕೇ ತಾಗುವ ಪ್ರಶ್ನೆ. ನಾನೂ ಇಲ್ಲಿನ ನಾಲ್ಕಾರು ಅಂಗಡಿಗಳಿಗೆಂದು ಒಂದು ಸಣ್ಣ ಲೆಕ್ಕದ ಆ್ಯಪ್ ಕಟ್ಟುತ್ತಿರುವವನು. ಮೊಬೈಲಿನಲ್ಲಿ ನಾವು ದಿನಾ ನೋಡುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಪಟ್ಟಿಗಳೇ. ಮೆಸೇಜು ಪಟ್ಟಿ, ಫೋನ್ ನಂಬರು ಪಟ್ಟಿ, ಉದ್ರಿಯೂ ಪಟ್ಟಿ. ಆ ಪಟ್ಟಿಯ ಒಂದು ಸಾಲನ್ನು ತೆಗೆಯುವುದು, ತಿದ್ದುವುದು, ಜಾಗ ಬದಲಿಸುವುದು ಹೇಗೆ ಅನ್ನುವುದರ ಮೇಲೆ ಆ್ಯಪ್ ಬರೆಯುವವರು ಎಷ್ಟು ತಲೆ ಕೆಡಿಸಿಕೊಂಡಿದ್ದಾರೆ ಎಂಬುದನ್ನು ಕಾಕಾಗೆ ಹೇಳಲೇಬೇಕು ಅನ್ನಿಸಿತು. ಗೋಡೆಗೆ ಮೊಣಕೈ ಊರಿ ನಿಂತೆ.

"ಇದಕ್ಕ ಎರಡು ದಾರಿ ಅದಾವ್ರಿ ಕಾಕಾ. ಒಂದು ಸ್ವೈಪ್, ಅಂದ್ರ ಸಾಲಿನ ಮ್ಯಾಲ ಬೆರಳಿಟ್ಟು ಅಡ್ಡ ಸರಸೂದು. ಇನ್ನೊಂದು ಎಡಿಟ್ ಮೋಡ್. ಎರಡೂ ಒಂದ ತೊಟ್ಟಿಲದಾಗ ಬೆಳದ ಕೂಸು."

2007ರಲ್ಲಿ ಮೊದಲ ಐಫೋನ್ ಬಂದಾಗಲೇ ಅದರ ಮೇಲ್ ಆ್ಯಪ್‌ನಲ್ಲಿ ಸಾಲಿನ ಮೇಲೆ ಬೆರಳನ್ನು ಅಡ್ಡ ಎಳೆದರೆ ಬಲತುದಿಗೆ ಡಿಲೀಟ್ ಗುಂಡಿ ಮೂಡುತ್ತಿತ್ತು. ಗುಂಡಿ ಬರೀ ಮೂಡುತ್ತಿತ್ತು, ಕೆಲಸ ಆಗುತ್ತಿದ್ದದ್ದು ಅದನ್ನು ಒತ್ತಿದಾಗ. ಮರುವರ್ಷ, 2008ರಲ್ಲಿ, ಹೊರಗಿನವರೂ ಐಫೋನಿಗೆ ಆ್ಯಪ್ ಬರೆಯುವ ಸಲಕರಣೆ ಸಿಕ್ಕಿತು. ಅದರಲ್ಲಿ ಪಟ್ಟಿ ತೋರಿಸುವ ಸಾಧನದ ಹೆಸರು ಯುಐಟೇಬಲ್‌ವ್ಯೂ. ಸಾಲು ತೆಗೆಯುವ ಕೆಲಸಕ್ಕೆ ಬರೆಯುವವನು ಒಂದೇ ಒಂದು ಕಡೆ ಕೋಡ್ ಇಟ್ಟರೆ ಸಾಕಾಗಿತ್ತು. ಬಳಸುವವನು ಸ್ವೈಪ್ ಮಾಡಿ ಬಂದರೂ ಎಡಿಟ್ ಗುಂಡಿ ಒತ್ತಿ ಬಂದರೂ ಕಡೆಗೆ ತಲುಪುವುದು ಅದೇ ಬಾಗಿಲಿಗೆ. ಅವಸರದವನಿಗೆ ಹತ್ತಿರದ ದಾರಿ, ಮಿಕ್ಕವರಿಗೆ ಕಣ್ಣಿಗೆ ಕಾಣುವ ದಾರಿ. ಈ ಏರ್ಪಾಡನ್ನು ನಾನು ಈಗಲೂ ಮೆಚ್ಚುತ್ತೇನೆ.

ಎಡಿಟ್ ಮೋಡ್ ಹೇಗಿರುತ್ತದೆಂದು ಕಾಕಾಗೆ ನನ್ನ ಫೋನಿನಲ್ಲೇ ತೋರಿಸಿದೆ. ಮೇಲ್ತುದಿಯ ಎಡಿಟ್ ಒತ್ತಿದ ಕೂಡಲೇ ಇಡೀ ಪಟ್ಟಿ ವೇಷ ಬದಲಿಸುತ್ತದೆ. ಅಕ್ಷರಗಳು ಬಲಕ್ಕೆ ಚೂರು ಸರಿದು ಜಾಗ ಬಿಡುತ್ತವೆ. ಆ ಜಾಗದಲ್ಲಿ ಪ್ರತಿ ಸಾಲಿನ ಎಡಕ್ಕೂ ಒಂದು ಕೆಂಪು ದುಂಡು, ಅದರೊಳಗೆ ಬಿಳಿ ಕಳೆಯುವ ಗುರುತು. ಬಲತುದಿಗೆ ಮೂರು ಬೂದು ಗೆರೆ. ಕೆಂಪು ದುಂಡನ್ನು ಒತ್ತಿದರೂ ಸಾಲು ಹೋಗುವುದಿಲ್ಲ. ಬಲಗಡೆಯಿಂದ ಡಿಲೀಟ್ ಗುಂಡಿ ಹೊರಗೆ ಬಂದು ನಿಲ್ಲುತ್ತದೆ, ಅದನ್ನೂ ಒತ್ತಬೇಕು. ಬೂದು ಗೆರೆಗಳನ್ನು ಹಿಡಿದು ಎಳೆದರೆ ಸಾಲು ಎದ್ದು ಬೇಕಾದ ಜಾಗಕ್ಕೆ ಹೋಗಿ ಕೂಡುತ್ತದೆ.

"ಇದು ಚಲೋ ಅದಲ್ಲ!" ಅಂದರು ಕಾಕಾ. "ಈಗ ತಿದ್ದಾಕ ಕುಂತೀವಿ ಅಂತ ಮಾರಿ ನೋಡಿದ್ರ ಗೊತ್ತಾಗ್ತದ."

ಗೊತ್ತಾಗುತ್ತದೆ, ಖರೆ. ಆದರೆ ಈ ಮೋಡ್ ಅನ್ನುವುದನ್ನೇ ಜೀವನವಿಡೀ ವಿರೋಧಿಸಿದ ದೊಡ್ಡ ಮನುಷ್ಯನೊಬ್ಬನಿದ್ದ. ಲ್ಯಾರಿ ಟೆಸ್ಲರ್, ಹುಟ್ಟಿದ್ದು 1945, ತೀರಿಕೊಂಡದ್ದು 2020ರ ಫೆಬ್ರುವರಿಯಲ್ಲಿ. ಎಪ್ಪತ್ತರ ದಶಕದಲ್ಲಿ ಝೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾಲಯದಲ್ಲಿ ಟಿಮ್ ಮಾಟ್ ಜತೆ ಜಿಪ್ಸಿ ಎಂಬ ಬರಹದ ತಂತ್ರಾಂಶ ಮಾಡಿದ. ಈಗ ನಾವು ಕಟ್, ಕಾಪಿ, ಪೇಸ್ಟ್ ಎಂದು ಸಲೀಸಾಗಿ ಮಾಡುವ ಕೆಲಸ ಅವನ ಕೈಯಲ್ಲಿ ರೂಪ ಪಡೆದದ್ದು. ಆಗಿನ ಕಂಪ್ಯೂಟರಿನಲ್ಲಿ ಒಂದೇ ಕೀಲಿ ಒಂದು ಮೋಡ್‌ನಲ್ಲಿ ಅಕ್ಷರ ಬರೆದರೆ ಇನ್ನೊಂದು ಮೋಡ್‌ನಲ್ಲಿ ಬರೆದದ್ದನ್ನು ಅಳಿಸುತ್ತಿತ್ತು. ಯಾವ ಮೋಡ್‌ನಲ್ಲಿದ್ದೇನೆ ಎಂದು ಮರೆತವನ ಕೆಲಸವೆಲ್ಲ ನೀರುಪಾಲು. ಅದಕ್ಕೇ ಮೋಡ್ ಬೇಡವೇ ಬೇಡ ಅಂತ ಹಟ ಹಿಡಿದ, ತನ್ನ ಕಾರಿನ ನಂಬರ್ ಪ್ಲೇಟಿನ ಮೇಲೂ 'ನೋ ಮೋಡ್ಸ್' ಎಂದೇ ಬರೆಸಿಕೊಂಡಿದ್ದ.

ಟೆಸ್ಲರ್ ಹೇಳಿದ್ದು ಎಡಿಟ್ ಮೋಡ್‌ಗೂ ಸಲ್ಲುತ್ತದೆ. ಮಾಮೂಲಿನಲ್ಲಿ ಸಾಲನ್ನು ಒತ್ತಿದರೆ ಆ ಮನುಷ್ಯನ ಖಾತೆ ತೆರೆದುಕೊಳ್ಳಬೇಕು. ಎಡಿಟ್ ಮೋಡ್‌ನಲ್ಲಿ ಅದೇ ಸಾಲನ್ನು ಒತ್ತಿದರೆ ಏನೂ ಆಗದು, ಇಲ್ಲವೇ ಟಿಕ್ ಗುರುತು ಬೀಳುತ್ತದೆ. ನಡುವೆ ಫೋನ್ ಬಂತು, ಮಾತಾಡಿ ಮತ್ತೆ ಪಟ್ಟಿಗೆ ಬಂದವನಿಗೆ ಎಡಿಟ್‌ನಲ್ಲಿದ್ದದ್ದು ಮರೆತಿರುತ್ತದೆ. ಹೆಸರು ಒತ್ತುತ್ತಾನೆ, ತೆರೆಯುವುದಿಲ್ಲ, ಫೋನ್ ಕೆಟ್ಟಿತೆಂದು ಆಫ್ ಮಾಡಿ ಆನ್ ಮಾಡುತ್ತಾನೆ. ಮುಗಿಯಿತು ಎಂದು ಹೇಳುವ ಗುಂಡಿಯೋ ಪರದೆಯ ಮೇಲ್ತುದಿಯಲ್ಲಿ, ಒಂದೇ ಕೈಯಲ್ಲಿ ದೊಡ್ಡ ಫೋನ್ ಹಿಡಿದವನ ಹೆಬ್ಬೆರಳಿಗೆ ಎಟುಕದ ಕಡೆ. ಹಾಗಾಗಿ ನಾನು ಮಾಡುವುದಿಷ್ಟು: ಎಡಿಟ್‌ನಲ್ಲಿರುವಾಗ ಪಟ್ಟಿಯ ಹಿಂಬಣ್ಣವನ್ನೇ ಬೇರೆ ಮಾಡುತ್ತೇನೆ, 'ಮುಗಿಯಿತು' ಗುಂಡಿಯನ್ನು ಅಗಲವಾಗಿ ಕೆಳಗೇ ಇಡುತ್ತೇನೆ, ಆ್ಯಪ್ ಬಿಟ್ಟು ಹೊರಗೆ ಹೋಗಿ ಬಂದರೆ ಎಡಿಟ್ ತಾನಾಗಿ ಮುಚ್ಚಿಕೊಂಡಿರುತ್ತದೆ. ತಾನು ಎಲ್ಲಿದ್ದೇನೆ ಎಂಬುದು ಬಳಸುವವನಿಗೆ ಗೊತ್ತಿದ್ದಷ್ಟು ಹೊತ್ತು ಮೋಡ್‌ನಿಂದ ಕೆಡುಕಿಲ್ಲ ಎಂಬುದು ನನ್ನ ನಂಬಿಕೆ.

"ಹಂಗಾರ ನನ್ನ ಬೆರಳಿನಾಗಿಂದ ಹೋದದ್ದು?" ಕಾಕಾ ಬಿಡಲಿಲ್ಲ. "ನಾ ಯಾವ ಗುಂಡೀನೂ ಒತ್ತಿದ್ದಿಲ್ಲ."

ಅದಕ್ಕೆ ಮುಂದಿನ ಕಥೆ ಹೇಳಬೇಕು. 2013ರಲ್ಲಿ ಮೇಲ್‌ಬಾಕ್ಸ್ ಎಂಬ ಇಮೇಲ್ ಆ್ಯಪ್ ಬಂತು. ಅದರಲ್ಲಿ ಸಾಲನ್ನು ಬಲಕ್ಕೆ ಸ್ವಲ್ಪ ಸರಿಸಿದರೆ ಪತ್ರ ಕಪಾಟಿಗೆ (ಆರ್ಕೈವ್), ಇನ್ನೂ ದೂರ ಸರಿಸಿದರೆ ಡಿಲೀಟ್. ಎಡಕ್ಕೆ ಸ್ವಲ್ಪ ಸರಿಸಿದರೆ ಆಮೇಲೆ ನೆನಪಿಸು, ಇನ್ನೂ ಸರಿಸಿದರೆ ಬೇರೆ ಪಟ್ಟಿಗೆ. ಜನ ಬೆರಗಾದರು. ಡ್ರಾಪ್‌ಬಾಕ್ಸ್ ಅದನ್ನು ಅದೇ ವರ್ಷ ಕೊಂಡುಕೊಂಡಿತು, 2016ರಲ್ಲಿ ಮುಚ್ಚಿತು. ಆದರೆ ಪೂರ್ತಿ ಸರಿಸಿದರೆ ಒತ್ತದೆಯೇ ಕೆಲಸ ಆಗಿಬಿಡುವ ರೂಢಿ ಎಲ್ಲ ಕಡೆ ಹಬ್ಬಿತು. 2017ರಲ್ಲಿ ಐಫೋನಿನ ಕಾರ್ಯವ್ಯವಸ್ಥೆ ಐಒಎಸ್ 11 ಬಂದಾಗ ಸಾಲಿನ ಎಡ ಬಲ ಎರಡೂ ಕಡೆ ಗುಂಡಿಗಳನ್ನಿಡುವ ಹೊಸ ವ್ಯವಸ್ಥೆ ಕೊಟ್ಟರು. ಅದರಲ್ಲಿ, ಬರೆಯುವವನು ಬೇಡವೆಂದು ಹೇಳದಿದ್ದರೆ, ಪೂರ್ತಿ ಸ್ವೈಪ್ ಮಾಡಿದ ಕೂಡಲೇ ಮೊದಲ ಗುಂಡಿಯ ಕೆಲಸ ತಾನಾಗಿ ನಡೆದುಹೋಗುತ್ತದೆ. ಬೇಡ ಎನ್ನಲು ಒಂದೇ ಸಾಲಿನ ಕೋಡ್ ಸಾಕು. ಆ ಒಂದು ಸಾಲು ಬರೆಯದ ಆ್ಯಪ್‌ಗಳು ಎಷ್ಟೋ.

ಈ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಪತ್ರವನ್ನು ಕಪಾಟಿಗೆ ಕಳಿಸಲು ಪೂರ್ತಿ ಸ್ವೈಪ್ ಇರಲಿ, ಓದಿದ್ದನ್ನು ಓದಿಲ್ಲವೆಂದು ಗುರುತು ಹಾಕಲು ಇರಲಿ. ತಿರುಗಿ ಬಾರದ ಕೆಲಸಕ್ಕೆ, ಅದರಲ್ಲೂ ಮತ್ತೊಬ್ಬರ ದುಡ್ಡಿನ ಲೆಕ್ಕಕ್ಕೆ, ಇರಲೇಬಾರದು. ಪಟ್ಟಿಯನ್ನು ಮೇಲೆ ಕೆಳಗೆ ದೂಡುವ ಬೆರಳೇ ಅಡ್ಡವೂ ಹೋಗುತ್ತದೆ. ಇಂಡಿಯಿಂದ ಸಿಂದಗಿಗೆ ಹೋಗುವ ಬಸ್ಸಿನಲ್ಲಿ ನಿಂತು ಫೋನ್ ನೋಡಿದವರಿಗೆ ಬೆರಳು ಎತ್ತ ಬೇಕಾದರೂ ಹೋಗುತ್ತದೆಂದು ಗೊತ್ತು.

ಇದೆಲ್ಲ ಐಫೋನಿನ ಮಾತು. ನಮ್ಮ ಕಡೆ ಕೈಯಲ್ಲಿರುವುದು ಬಹುಪಾಲು ಆ್ಯಂಡ್ರಾಯ್ಡ್. ಅಲ್ಲಿ ಪಟ್ಟಿಗೆ ರಿಸೈಕ್ಲರ್‌ವ್ಯೂ 2014ರಲ್ಲಿ ಬಂತು, ಮರುವರ್ಷ ಸಾಲು ಸರಿಸಲು ಐಟೆಮ್‌ಟಚ್‌ಹೆಲ್ಪರ್ ಜತೆಯಾಯಿತು. ಇದರ ಮಾಮೂಲು ನಡೆ ಐಫೋನಿನ ಮೊದಲ ನಡೆಗೆ ತದ್ವಿರುದ್ಧ. ಐಫೋನಿನಲ್ಲಿ ಸಾಲು ಅರೆಬರೆ ಸರಿದು ಗುಂಡಿ ತೋರಿಸಿ ಕಾಯುತ್ತದೆ. ಆ್ಯಂಡ್ರಾಯ್ಡ್‌ನಲ್ಲಿ ಸಾಲು ಪರದೆಯಾಚೆ ಹಾರಿಹೋಗುತ್ತದೆ, ಆಮೇಲೆ ಏನು ಮಾಡಬೇಕೆಂದು ಕೋಡ್ ಬರೆದವನನ್ನು ಕೇಳುತ್ತದೆ. ಅವನು ಉತ್ತರ ಬರೆದಿರದಿದ್ದರೆ ಆ ಜಾಗ ಖಾಲಿ ಪಟ್ಟೆಯಾಗಿ ಉಳಿಯುತ್ತದೆ. ಕಾಕಾ ಕಂಡದ್ದು ಇಂಥದ್ದೇ ನಡೆ ಇರಬೇಕು.

ಇನ್ನೊಂದು ತೊಡಕು 2019ರ ಆ್ಯಂಡ್ರಾಯ್ಡ್ 10ರಿಂದ ಸೇರಿತು. ಪರದೆಯ ಎಡ ಅಂಚಿನಿಂದಾಗಲಿ ಬಲ ಅಂಚಿನಿಂದಾಗಲಿ ಬೆರಳನ್ನು ಒಳಗೆಳೆದರೆ ಹಿಂದಿನ ಪುಟಕ್ಕೆ ಹೋಗುವ ಏರ್ಪಾಡು. ಸಾಲನ್ನು ಸರಿಸಲೆಂದು ಅಂಚಿನಿಂದ ಶುರು ಮಾಡಿದರೆ ಆ್ಯಪ್‌ನಿಂದಲೇ ಹೊರಬೀಳುತ್ತೀರಿ, ಹಿಂದೆ ಹೋಗಲೆಂದು ಸ್ವಲ್ಪ ಒಳಗಿನಿಂದ ಶುರು ಮಾಡಿದರೆ ಸಾಲು ಸರಿದುಬಿಡುತ್ತದೆ. ಎರಡರ ನಡುವಿನ ಅಂತರ ಉಗುರಿನಷ್ಟು. ಅಂಚಿನ ಒಂದಿಷ್ಟು ಭಾಗವನ್ನು ತನಗೇ ಬಿಟ್ಟುಕೊಡು ಎಂದು ಆ್ಯಪ್ ಕೇಳಬಹುದು, ಆದರೆ ಉದ್ದದ ಪಟ್ಟಿಗೆ ಸಾಲುವಷ್ಟು ಸಿಗುವುದಿಲ್ಲ.

ಗೋಡೆಯಾಚೆ ಕಾಕಾರ ಹೆಂಡತಿ, ನಮ್ಮ ಕಾಕೂ, ಬಂದು ನಿಂತರು. ಕೈಯಲ್ಲಿ ಹರಿವಾಣ, ಅದರಲ್ಲಿ ಹಸನು ಮಾಡಲಿಟ್ಟ ಜೋಳ. "ವಾಟ್ಸಾಪಿನಾಗ ನಮ್ಮ ಮುದ್ದೇಬಿಹಾಳದ ತಂಗಿದು ಒಂದ ಥರ, ನಂದೊಂದು ಥರ," ಅಂದರು. "ಆಕಿ ಹೆಸರಿನ ಮ್ಯಾಲ ಬೆರಳು ಎಳಿ ಅಂತಾಳ. ನಂದರಾಗ ಎಳದ್ರ ಏನೂ ಬರೂದಿಲ್ಲ."

ಕಾಕೂ ಹೇಳಿದ್ದು ನಿಜ. ತಂಗಿಗೆ ಮಗ ತಂದುಕೊಟ್ಟದ್ದು ಐಫೋನ್. ಅದರಲ್ಲಿ ಮಾತುಕತೆಯ ಸಾಲನ್ನು ಎಡಕ್ಕೆಳೆದರೆ ಗುಂಡಿಗಳು ಕಾಣುತ್ತವೆ. ಕಾಕೂ ಫೋನು ಆ್ಯಂಡ್ರಾಯ್ಡ್, ಅಲ್ಲಿ ಸಾಲನ್ನು ಒತ್ತಿ ಹಿಡಿದು ನಿಲ್ಲಬೇಕು, ಆಗ ಮೇಲಿನ ಪಟ್ಟಿಯಲ್ಲಿ ಗುರುತುಗಳು ಬರುತ್ತವೆ. ಎಳೆಯುವುದಾಗಲಿ ಒತ್ತಿ ಹಿಡಿಯುವುದಾಗಲಿ, ಎರಡೂ ಹೊರಗಿಂದ ಕಾಣದವು. ಯಾರಾದರೂ ಹೇಳಿಕೊಟ್ಟರಷ್ಟೇ ಗೊತ್ತಾಗುವಂಥವು. ಅಕ್ಕ ತಂಗಿ ಫೋನಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಡಲು ಹೋದರೂ ತಾಳೆಯಾಗುವುದಿಲ್ಲ.

ನಮ್ಮ ಸೀಮೆಯ ಬೆರಳುಗಳನ್ನೂ ನೋಡಬೇಕು. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವ ಊರು ನಮ್ಮದು, ಇಂಡಿ ಲಿಂಬೆಗೆ ಭೌಗೋಳಿಕ ಸೂಚಕದ ಮನ್ನಣೆಯೂ ಇದೆ. ಲಿಂಬೆ ಗಿಡಕ್ಕೆ ಮುಳ್ಳು. ಕಾಯಿ ಬಿಡಿಸುವ ಹೆಣ್ಣುಮಕ್ಕಳ ಬೆರಳ ತುದಿಗೆ ಬಟ್ಟೆ ಚೂರು ಸುತ್ತಿರುತ್ತದೆ. ಪೇಟೆಯಲ್ಲಿ ಕಾಯಿ ಆರಿಸುವವರ ಕೈ ರಸದಿಂದ ತೊಯ್ದಿರುತ್ತದೆ. ಬಟ್ಟೆ ಸುತ್ತಿದ ಬೆರಳನ್ನು ಪರದೆ ಗುರುತಿಸುವುದೇ ಇಲ್ಲ. ತೊಯ್ದ ಪರದೆಯೋ ಮುಟ್ಟದ ಕಡೆಯೂ ಮುಟ್ಟಿದಂತೆ ಜಿಗಿಯುತ್ತದೆ. ಮುದ್ದೇಬಿಹಾಳದ ಕಡೆ ಕಲ್ಲಿನ ಕೆಲಸ ಮಾಡುವವರ ಹೆಬ್ಬೆರಳು ಒಣಗಿ ದಡ್ಡುಗಟ್ಟಿರುತ್ತದೆ. ಇಂಥ ಬೆರಳಿಗೆ ಒಂದು ಕಡೆ ಇಟ್ಟು ಒತ್ತುವುದು ಹೇಗೋ ಆದೀತು. ಇಟ್ಟು, ಎತ್ತದೆ, ನೇರವಾಗಿ, ಬೇಕಾದಷ್ಟೇ ದೂರ ಎಳೆಯುವುದು ಕಷ್ಟ. ಆ್ಯಂಡ್ರಾಯ್ಡ್ ಮಾಡಿದವರೇ ಹೇಳುವ ಪ್ರಕಾರ ಒತ್ತುವ ಗುಂಡಿ ಹೆಚ್ಚೂಕಡಿಮೆ 9 ಮಿಲಿಮೀಟರ್ ಇರಬೇಕು. ನಾನು ಅದಕ್ಕಿಂತ ದೊಡ್ಡದೇ ಇಡುತ್ತೇನೆ.

ಕಣ್ಣು ಕಾಣದವರ ಮಾತಂತೂ ಬೇರೆಯೇ. ಆ್ಯಂಡ್ರಾಯ್ಡ್ ಫೋನಿನ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಚಾಲೂ ಇದ್ದರೆ ಒಂದು ಬೆರಳಿನ ಸ್ವೈಪ್ ಎಂದರೆ ಮುಂದಿನದನ್ನು ಓದು ಎಂದಾಗುತ್ತದೆ. ಆಗ ಸಾಲು ಸರಿಸಲು ಸುಲಭದ ದಾರಿ ಇಲ್ಲ, ಆ್ಯಪ್ ಬರೆದವನು ಅದೇ ಕೆಲಸವನ್ನು ಬೇರೆ ಕಡೆಯಿಂದ ಸಿಗುವಂತೆ ಇಟ್ಟಿರದಿದ್ದರೆ. ಐಫೋನಿನ ಟೇಬಲ್‌ವ್ಯೂನಲ್ಲಿ ಸ್ವೈಪ್ ಗುಂಡಿಗಳನ್ನು ಅಲ್ಲಿನ ಓದುಗ ವಾಯ್ಸ್‌ಓವರ್ ತಾನಾಗಿ ಹೆಸರು ಹಿಡಿದು ಓದಿ ಹೇಳುತ್ತದೆ, ಅದು ಅಲ್ಲಿನ ಒಳ್ಳೆಯ ಗುಣ. 2018ರಲ್ಲಿ ಹೊರಬಂದ ಡಬ್ಲ್ಯುಸಿಎಜಿ 2.1 ಎಂಬ ಜಾಗತಿಕ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಬೆರಳನ್ನು ದಾರಿ ಹಿಡಿದು ಎಳೆದು ಮಾಡುವ ಕೆಲಸವನ್ನು ಬರೀ ಒತ್ತಿಯೂ ಮಾಡುವಂತಿರಬೇಕು.

"ಅದಕ್ಕ ನಾ ಪ್ರತಿ ಸಾಲಿನ ಬಲಕ್ಕ ಮೂರು ಚುಕ್ಕಿ ಇಡ್ತೀನ್ರಿ ಕಾಕೂ. ಒತ್ತಿದ್ರ ಕೆಳಗ ಅಗಲಕ ಪಟ್ಟಿ ಬರ್ತದ. ತಿದ್ದು, ಹಳೇ ಖಾತೆಗೆ ಕಳಸು, ಹೊಡೆದು ಹಾಕು. ಸ್ವೈಪೂ ಇರ್ತದ, ಗೊತ್ತಿದ್ದಾವ್ರು ಮಾಡ್ಲಿ. ಆದ್ರ ಸ್ವೈಪಿನಾಗ ಇರೂದೆಲ್ಲ ಚುಕ್ಕಿಯೊಳಗೂ ಇರಬೇಕು."

"ಅಕ್ಷರ ದೊಡ್ಡೂ ಇಡು," ಅಂದರು ಕಾಕೂ. ಅದೂ ಇದೆ. ಸ್ವೈಪಿನ ಗುಂಡಿ ಇಂಗ್ಲಿಷಿನ ನಾಲ್ಕಾರು ಅಕ್ಷರಕ್ಕೆ ಅಳತೆ ಮಾಡಿದಂಥದ್ದು. ಅಲ್ಲಿ ಕನ್ನಡ ಬರೆದರೆ ಕೆಳಗಿನ ಒತ್ತಕ್ಷರದ ಬಾಲ ಕತ್ತರಿಸಿಹೋಗುತ್ತದೆ, 'ತಿದ್ದು' ಎಂಬಲ್ಲಿ ದಕಾರದೊತ್ತೇ ಕಾಣುವುದಿಲ್ಲ. ಸಾಲಿನ ಎತ್ತರವನ್ನು ಕನ್ನಡಕ್ಕೆಂದೇ ಹೆಚ್ಚಿಸಬೇಕು, ಗುಂಡಿಯ ಅಗಲವನ್ನೂ.

ಕಾಕಾಗೆ ಹಿಡಿಸಿದ್ದು ಮಾತ್ರ ಒಳಗಿನ ಲೆಕ್ಕ. ಪರದೆಯ ಮೇಲೆ ಕಾಣುವ ಪಟ್ಟಿ ಬೇರೆ, ಅದರ ಹಿಂದೆ ಫೋನು ಇಟ್ಟುಕೊಂಡ ಲೆಕ್ಕ ಬೇರೆ. ಸಾಲು ತೆಗೆಯುವಾಗ ಎರಡೂ ಕಡೆ ತೆಗೆಯಬೇಕು. ಹಿಂದಿನ ಲೆಕ್ಕದಲ್ಲಿ ಇಪ್ಪತ್ತು ಹೆಸರು ಉಳಿದು ಪರದೆಯಲ್ಲಿ ಹತ್ತೊಂಬತ್ತಾದರೆ ಯುಐಟೇಬಲ್‌ವ್ಯೂ ಒಪ್ಪುವುದಿಲ್ಲ. ಸಾಲುಗಳ ಎಣಿಕೆ ಸರಿಹೊಂದುತ್ತಿಲ್ಲವೆಂದು ಆ್ಯಪನ್ನೇ ಮುಚ್ಚಿಬಿಡುತ್ತದೆ. ಹೊಸಬರು ಕೋಡ್ ಬರೆಯುವಾಗ ಮೊದಲು ಎದುರಾಗುವುದೇ ಈ ಪೆಟ್ಟು.

"ತಾಳೆ ಆಗದಿದ್ರ ಕಿರ್ದಿ ಮುಚ್ಚೂದಿಲ್ಲ ನಾವೂ," ಅಂದರು ಕಾಕಾ, ಬಹಳ ಸಮಾಧಾನದಿಂದ.

ಎಡಿಟ್ ಮೋಡ್‌ನಲ್ಲಿ ಹಲವು ಸಾಲುಗಳಿಗೆ ಟಿಕ್ ಹಾಕಿ ಒಟ್ಟಿಗೆ ತೆಗೆಯುವಾಗ ಇನ್ನೂ ಒಂದು ಹುಷಾರಿ ಬೇಕು. 2, 5, 7ನೇ ಸಾಲು ತೆಗೆಯಬೇಕೆನ್ನಿ. ಮೊದಲು 2ನ್ನು ತೆಗೆದರೆ 5ರಲ್ಲಿದ್ದವನು 4ಕ್ಕೆ ಬರುತ್ತಾನೆ, 5ರಲ್ಲಿ ಇನ್ನೊಬ್ಬ ಬಂದು ನಿಂತಿರುತ್ತಾನೆ. ಈಗ 5ನ್ನು ತೆಗೆದರೆ ಹೋಗುವವನು ಆ ಇನ್ನೊಬ್ಬ. ಅದಕ್ಕೆ ಕೆಳಗಿನಿಂದ ಮೇಲಕ್ಕೆ ಬರಬೇಕು, 7, ಆಮೇಲೆ 5, ಆಮೇಲೆ 2.

ಇದಕ್ಕಿಂತ ಅಪಾಯದ ಸಂಗತಿ ಬಸವನ ಬಾಗೇವಾಡಿಯಲ್ಲಿ ನೋಡಿದೆ. ಅಲ್ಲಿ ಉಳ್ಳಾಗಡ್ಡಿ ವ್ಯಾಪಾರಿಯೊಬ್ಬರು ಒಂದೇ ಲೆಕ್ಕವನ್ನು ಎರಡು ಫೋನಿನಲ್ಲಿ ಇಟ್ಟಿದ್ದಾರೆ. ಕಾಟಾದ ಹತ್ತಿರ ನಿಂತವನು ಚೀಲದ ತೂಕ ಬರೆಯುತ್ತಾ ಹೋಗುತ್ತಾನೆ. ಒಳಗೆ ಕೂತವರ ಫೋನಿನಲ್ಲಿ ಆ ತೂಕಗಳು ಒಂದರ ಮೇಲೊಂದು ಬಂದು ಸೇರುತ್ತವೆ, ಹೊಸದು ಯಾವಾಗಲೂ ಮೇಲೆ. ಒಳಗಿನವರು ತಪ್ಪಾದ ತೂಕವೊಂದನ್ನು ತೆಗೆಯಲು ಮೂರನೇ ಸಾಲನ್ನು ಸರಿಸಿದ್ದಾರೆ, ಡಿಲೀಟ್ ಗುಂಡಿ ಕಂಡಿದೆ. ಬೆರಳು ಅಲ್ಲಿಗೆ ಹೋಗುವಷ್ಟರಲ್ಲಿ ಹೊರಗಿನಿಂದ ಹೊಸ ತೂಕವೊಂದು ಬಂದು ಮೇಲೆ ಕೂತರೆ? ತೆಗೆಯಬೇಕಾಗಿದ್ದದ್ದು ನಾಲ್ಕಕ್ಕಿಳಿಯಿತು, ಮೂರರಲ್ಲಿ ಸರಿಯಾದ ತೂಕ ಬಂದು ನಿಂತಿತು. ಕೋಡ್ ಬರೆದವನು ಮೂರನೇ ಸಾಲು ತೆಗೆ ಎಂದಷ್ಟೇ ಬರೆದಿದ್ದರೆ ರೈತನ ಒಂದು ಚೀಲ ಉಳ್ಳಾಗಡ್ಡಿ ಲೆಕ್ಕದಿಂದ ಹೋಯಿತು. ಕೂಗಿ ಹೇಳುವವರು ಯಾರೂ ಇಲ್ಲ.

ಸಾಲಿನ ನಂಬರನ್ನು ನಂಬಬಾರದು. ಪ್ರತಿ ನಮೂದಿಗೂ ಬದಲಾಗದ ಗುರುತು ಕೊಟ್ಟು, ತೆಗೆಯುವಾಗ ಆ ಗುರುತನ್ನೇ ಹಿಡಿಯಬೇಕು. 2019ರಲ್ಲಿ ಐಒಎಸ್ 13ರ ಜತೆ ಬಂದ ಡಿಫಬಲ್ ಡೇಟಾ ಸೋರ್ಸ್ ಪಟ್ಟಿಯನ್ನು ಹೀಗೆ ಗುರುತಿನ ಮೇಲೆಯೇ ನಡೆಸುತ್ತದೆ. ಎಣಿಕೆ ತಾಳೆಯಾಗದೆ ಮುಚ್ಚಿಕೊಳ್ಳುವ ಕಾಟವೂ ಅದರಿಂದ ಬಹಳ ಮಟ್ಟಿಗೆ ತಪ್ಪಿತು. ಜತೆಗೆ, ಯಾವುದಾದರೂ ಸಾಲು ಸರಿದು ಗುಂಡಿ ತೆರೆದುಕೊಂಡಿರುವಷ್ಟು ಹೊತ್ತು ಹೊಸ ನಮೂದುಗಳನ್ನು ಹೊಸ್ತಿಲಾಚೆ ನಿಲ್ಲಿಸಬೇಕು. ಗುಂಡಿ ಮುಚ್ಚಿದ ಮೇಲೆ ಒಳಗೆ ಬಿಡಬೇಕು. ಇಲ್ಲದಿದ್ದರೆ ಪಟ್ಟಿ ಮತ್ತೆ ಹೊಸದಾಗಿ ತುಂಬಿಕೊಳ್ಳುವಾಗ ತೆರೆದ ಗುಂಡಿ ಕಣ್ಣೆದುರೇ ಮುಚ್ಚಿಹೋಗುತ್ತದೆ, ಒತ್ತಲು ಹೋದ ಬೆರಳು ಬೇರೆಲ್ಲೋ ಬೀಳುತ್ತದೆ.

ಆ ವ್ಯಾಪಾರಿಯನ್ನು ನೋಡಿದಾಗ ಇನ್ನೊಂದೂ ಅರ್ಥವಾಯಿತು. ಅವರಿಗೆ ತೂಕ ತೆಗೆಯುವುದು ಬೇಕಾಗಿರಲೇ ಇಲ್ಲ, 52 ಎಂದು ಬಿದ್ದದ್ದನ್ನು 25 ಮಾಡುವುದಷ್ಟೇ ಬೇಕಾಗಿತ್ತು. ತಿದ್ದಲು ಹತ್ತಿರದ ದಾರಿ ಇರಲಿಲ್ಲ, ಅಳಿಸಲು ಇತ್ತು. ಹಾಗಾಗಿ ಅಳಿಸಿ ಮತ್ತೆ ಬರೆಯುತ್ತಿದ್ದರು. ಸ್ವೈಪ್ ಮಾಡಿದಾಗ ಕೈಗೆ ಮೊದಲು ಸಿಗಬೇಕಾದ್ದು ತಿದ್ದುವ ಗುಂಡಿ.

"ಒಂದ ಸಾಲು ಅಂದ್ರ ಏನು ಅಂತ ಆ್ಯಪ್ ಬರಿಯಾವ್ರಿಗೆ ಗೊತ್ತಿರಬೇಕು ತಮ್ಮಾ," ಅಂದರು ಕಾಕಾ. "ಹೊಲದ ಬೆಳಿ ಸಮೀಕ್ಷೆನೂ ಈಗ ಮೊಬೈಲಿನಾಗ ಅಲ್ಲ?"

ಹೌದು. 2020ರ ಮುಂಗಾರಿನಿಂದ ರೈತರೇ ತಮ್ಮ ಮೊಬೈಲಿನಲ್ಲಿ ಬೆಳೆಯ ವಿವರ, ಫೋಟೊ ಹಾಕಲು ರಾಜ್ಯ ಸರ್ಕಾರ ಆ್ಯಪ್ ಕೊಟ್ಟಿತು. ಅದರಲ್ಲಿ ಸರ್ವೆ ನಂಬರು, ಹಿಸ್ಸಾ, ಆ ತುಂಡಿನಲ್ಲಿ ನಿಂತ ಬೆಳೆ. ತೊಗರಿಯ ಜತೆ ಅಕ್ಕಡಿ ಇದ್ದರೆ ಅದೂ. ಆ ಮಾಹಿತಿ ಪಹಣಿಗೆ, ಬೆಳೆ ವಿಮೆಗೆ, ಬೆಂಬಲ ಬೆಲೆ ಖರೀದಿಗೆ, ಬೆಳೆ ಹಾನಿ ಪರಿಹಾರಕ್ಕೆ ಆಧಾರ. ಸಿಂದಗಿಯ ರೈತನೊಬ್ಬನಿಗೆ ಪರದೆಯ ಮೇಲಿನ ಆ ಒಂದು ಸಾಲು ಇಡೀ ವರ್ಷದ ದುಡಿಮೆ. ಅಂಥ ಪಟ್ಟಿ ಯಾರೇ ಬರೆಯಲಿ, ಯಾವ ಊರಲ್ಲೇ ಕೂತು ಬರೆಯಲಿ, ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯಬೇಕು.

ಹಾಗಾದರೆ ತೆಗೆಯುವ ಮುಂಚೆ ಖಾತ್ರಿ ಕೇಳಿದರಾಯಿತಲ್ಲ ಎಂದು ಯಾರಾದರೂ ಅಂದಾರು. ಬಹಳ ಜನ ಹಾಗೇ ಮಾಡುತ್ತಾರೆ, ಖಂಡಿತವಾಗಿ ಅಳಿಸಬೇಕೆ ಎಂಬ ಪೆಟ್ಟಿಗೆಯೊಂದು ಎದುರು ಬರುತ್ತದೆ. ಮೊದಮೊದಲು ಓದುತ್ತೇವೆ. ದಿನಾ ಕೇಳುತ್ತಾ ಹೋದರೆ ಓದದೆಯೇ ಹೌದು ಒತ್ತುವ ರೂಢಿ ಬೆರಳಿಗೆ ಬಂದುಬಿಡುತ್ತದೆ. ಅದಕ್ಕಿಂತ ಕೆಲಸ ಆದ ಮೇಲೆ ವಾಪಸ್ ಪಡೆಯುವ ಅನ್‌ಡೂ ಮೇಲು. ತಪ್ಪು ಗೊತ್ತಾಗುವುದು ಆದ ಮೇಲೆಯೇ ಅಲ್ಲವೇ. ಆದರೆ ಅದಕ್ಕೆ ಕೊಡುವ ಹೊತ್ತು ತೀರಾ ಕಡಿಮೆ. ಆ್ಯಂಡ್ರಾಯ್ಡ್‌ನಲ್ಲಿ ಕೆಳಗೆ ಮೂಡುವ ಸ್ನ್ಯಾಕ್‌ಬಾರ್ ಪಟ್ಟಿ, ಉದ್ದದ್ದೆಂದು ಕರೆಸಿಕೊಳ್ಳುವುದು ಕೂಡ, ಮೂರು ಸೆಕೆಂಡಿನೊಳಗೆ ಹೋಗಿಬಿಡುತ್ತದೆ. ವಾಟ್ಸಾಪ್ 2022ರ ಡಿಸೆಂಬರಿನಲ್ಲಿ, ತಪ್ಪಿ ನನಗೆ ಮಾತ್ರ ಅಳಿಸು ಒತ್ತಿದವರಿಗೆ ಮೆಸೇಜು ವಾಪಸ್ ತರಲು ಐದು ಸೆಕೆಂಡು ಕೊಟ್ಟಿತು. ಚಾಳೀಸು ಹುಡುಕಿ ಕಣ್ಣಿಗೇರಿಸುವಷ್ಟರಲ್ಲಿ ಐದು ಸೆಕೆಂಡು ಮುಗಿದಿರುತ್ತದೆ.

"ಅದಕ್ಕ ಅಳಿಸಿದ್ದನ್ನ ಬೇರೆ ಕಡೆ ತಗದು ಇಡ್ತಾರ್ರಿ ಕಾಕಾ. ಜಿಮೇಲಿನ ಕಸದ ಬುಟ್ಟಿಯೊಳಗ 30 ದಿನ ಇರ್ತದ. ಐಫೋನಿನಾಗ ಅಳಿಸಿದ ಫೋಟೋನೂ ಅಷ್ಟ ದಿನ. ನಾನೂ 30 ಇಟ್ಟೀನಿ."

ಕಾಕಾ ಸುಮ್ಮನಾದರು. ಆಮೇಲೆ ಒಂದೊಂದೇ ಬೆರಳು ಮಡಚುತ್ತಾ ಹೇಳಿದರು. "ತೊಗರಿ ಬಿತ್ತೂದು ಯಾವಾಗ? ಜೂನ್, ಜುಲೈ. ಬೀಜಾ ಗೊಬ್ಬರ ಉದ್ರಿ ಒಯ್ಯೂದು ಆಗ. ರಾಶಿ ಆಗೂದು ಡಿಸೆಂಬರ್, ಜನವರಿ. ಅಂವ ಅಂಗಡಿ ಕಟ್ಟಿ ಹತ್ತೂದ ರಾಶಿ ಆದ ಮ್ಯಾಲ. ನನ್ನ ಖಾತೆ ಎಲ್ಲೈತಿ ಅಂತ ಕೇಳೂದು ಆಗ. ಅಷ್ಟರಾಗ ನಿಂದು 30 ದಿನ ಆರು ಸಲ ಮುಗದಿರ್ತದ."

ಉತ್ತರ ಇರಲಿಲ್ಲ. ಮೂವತ್ತು ದಿನ ಎಂಬುದು ಪತ್ರಕ್ಕೆ, ಫೋಟೊಕ್ಕೆ ಸಾಕಾದ ಗಡುವು. ನಮ್ಮ ಉದ್ರಿಯ ವರ್ಷ ಬೇರೆ.

"ದೀಪಾವಳಿ ಪಾಡ್ಯಕ್ಕ ಹೊಸಾ ವಹಿ ಪೂಜಾ ಮಾಡ್ತೀವಿ," ಕಾಕಾ ಮುಂದುವರಿಸಿದರು. "ಹಳೇ ವಹಿ ಬಿಸಾಡ್ತೀವೇನು? ಬಾಕಿ ಹೊಸದಕ್ಕ ಇಳಿಸಿಕೊಂಡು ಹಳೇದು ಮ್ಯಾಲಿಡ್ತೀವಿ. ಮುಂದಿನ ಪಾಡ್ಯ ದಾಟಿದ ಮ್ಯಾಲ ನೋಡೂ ಮಾತು."

ಹಾಗಾದರೆ ಅಳಿಸಿದ ಸಾಲು ಬರುವ ಪಾಡ್ಯ ದಾಟಿ ಅದರಾಚೆಯ ಪಾಡ್ಯದವರೆಗೂ ಉಳಿಯಲಿ. ಗೀಟು ಎಳೆದಂತೆ, ಬೂದು ಬಣ್ಣದಲ್ಲಿ, ಯಾರ ಫೋನಿನಿಂದ ಯಾವ ದಿನ ಹೊಡೆದದ್ದು ಎಂಬುದು ಪಕ್ಕದಲ್ಲಿ. ಫೋನಿನ ಜಾಗಕ್ಕೆ ಇದು ಭಾರವೇನಲ್ಲ, ಒಂದು ಖಾತೆಯ ವರ್ಷದ ಲೆಕ್ಕವೆಲ್ಲ ಸೇರಿದರೂ ಒಂದು ಫೋಟೊದಷ್ಟು ಆಗುವುದಿಲ್ಲ. ಮತ್ತೊಂದನ್ನೂ ಅಲ್ಲೇ ತೀರ್ಮಾನ ಮಾಡಿದೆ. ಬಾಕಿ ಇರುವ ಖಾತೆಗೆ ಹೊಡೆದು ಹಾಕುವ ಗುಂಡಿಯೇ ಬೇಡ. ಯಾವ ಸಾಲನ್ನು ತೆಗೆಯಬಹುದು, ಯಾವುದನ್ನು ತೆಗೆಯಬಾರದು ಎಂದು ಪಟ್ಟಿ ಪ್ರತಿ ಸಾಲಿಗೂ ಕೇಳುವ ಏರ್ಪಾಡು 2008ರ ಟೇಬಲ್‌ವ್ಯೂನಲ್ಲೇ ಇದೆ. ಬಾಕಿ ಸೊನ್ನೆಯಾದವರಿಗೆ ಮಾತ್ರ ಹೌದು ಅನ್ನಬೇಕು. ಉಳಿದವರ ಸಾಲನ್ನು ಎಷ್ಟು ಎಳೆದರೂ ತಿದ್ದುವ ಗುಂಡಿ, ಹಳೇ ಖಾತೆಗೆ ಕಳಿಸುವ ಗುಂಡಿ, ಇವೆರಡೇ.

"ಸಂಘದ ಲಿಸ್ಟಿಗೆ?" ಅಂದರು ಕಾಕೂ. ಸ್ತ್ರೀಶಕ್ತಿ ಸಂಘದ ಉಳಿತಾಯದ ಪಟ್ಟಿ ಅವರ ಕೈಯಲ್ಲಿದೆ. "ನಮ್ಮಲ್ಲಿ ಸಾಲ ತೀರಿಸಿದಾಕಿ ಹೆಸರೂ ತಗಿಯಂಗಿಲ್ಲ. ಆಕಿ ಉಳಿತಾಯ ಒಳಗ ಇರ್ತದಲ್ಲ."

ಅದು ನನ್ನ ತಲೆಗೆ ಬಂದಿರಲಿಲ್ಲ. ಅವರ ಪಟ್ಟಿಯಲ್ಲಿ ಸಾಲವೂ ಉಳಿತಾಯವೂ ಎರಡೂ ಸೊನ್ನೆಯಾಗಬೇಕು, ಆಮೇಲೂ ಸಭೆಯಲ್ಲಿ ಒಪ್ಪಿ ಬರೆದುಕೊಂಡ ಮೇಲಷ್ಟೇ ತೆಗೆಯುವುದು. ಪಟ್ಟಿಯಲ್ಲಿನ ಕ್ರಮವೂ ಅವರಿಗೆ ಮುಖ್ಯ. ಸಂಘಕ್ಕೆ ಸೇರಿದ ಅನುಕ್ರಮದಲ್ಲೇ ಹೆಸರು ಕೂಗುತ್ತಾರೆ, ಅಕಾರಾದಿ ಮಾಡಿದರೆ ಹಿರಿಯರಿಗೆ ಬೇಜಾರು. ಎಡಿಟ್ ಮೋಡ್‌ನ ಮೂರು ಬೂದು ಗೆರೆಗಳಿಗೆ ಇಲ್ಲಿ ಕೆಲಸವಿದೆ, ಆದರೆ ಒಮ್ಮೆ ಕ್ರಮ ಕೂಡಿಸಿದ ಮೇಲೆ ಬೀಗ ಹಾಕುವ ಅನುಕೂಲವೂ ಬೇಕು.

"ಮಾಡಿ ಮೊದಲು ನನ್ನ ಕೈಯಾಗ ಕೊಡು," ಅಂದರು ಕಾಕಾ. "ಸಿಂದಗಿಗೆ ಕಳಿಸಬ್ಯಾಡ ಈಗ. ನಾ ಕುಂತು ಎಲ್ಲಾ ಕಡೆ ತಪ್ಪು ಒತ್ತತೀನಿ, ಅಡ್ಡಾ ಎಳಿತೀನಿ, ನೀರಗೈಲೆ ಮುಟ್ಟತೀನಿ. ಒಂದರೆ ಹೆಸರು ಹೋತಂದ್ರ ಗ್ವಾಡಿ ಮ್ಯಾಲಿಂದ ವಾಪಸ್ ಕೊಡ್ತೀನಿ, ಮತ್ತ ಬರದು ತಾ."